ಸಾರಥಿಯನ್ನು ಯಾರೂ ಕೇಳುವುದಿಲ್ಲ

ಅಪ್ಪ ಮಕ್ಕಳಿಂದ ಆಡಿಸಿದ ಬಯಲಾಟದ ಬಗ್ಗೆ ಕೇಳಿಕೊಂಡು ಈಗಲೂ ಒಬ್ಬಿಬ್ಬರು ನನ್ನ ಮನೆಗೆ ಬರುತ್ತಾರೆ. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಗೋಳು ಹೊಯ್ದುಕೊಳ್ಳುವುದನ್ನು ಹಾಡು ಕುಣಿತದಿಂದ ನಿಲ್ಲಿಸಬಹುದೆಂದು ಹಿರಿಯೂರಿನ ಒಬ್ಬ ಬಯಲಾಟದ ಮೇಷ್ಟ್ರು ಆ ಕಾಲದಲ್ಲೇ ಮಾಡಿ ತೋರಿಸಿದ್ದರಂತೆ, ಹೌದೇ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಕಾಫಿ ಕೊಡುತ್ತೇನೆ. ಆಟ ಹೇಗೆ ಕಟ್ಟಿದರು, ಹಾಡಿಗೆ ಯಾವ ಮಟ್ಟು ಹಾಕಿದರು, ಮಕ್ಕಳು ಹೇಗೆ ಬದಲಾದರು ಎಲ್ಲವನ್ನೂ ಹೇಳುತ್ತೇನೆ. ಅವರು ಬರೆದುಕೊಂಡು ಕೈಮುಗಿದು ಹೋಗುತ್ತಾರೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಆ ಆಟ ಯಾವ ಅಣಕದ ಹಾಡಿನ ದೆಸೆಯಿಂದ ಹುಟ್ಟಿತೋ ಅದನ್ನು ಕಟ್ಟಿದವರು ಯಾರು ಎಂದು ಯಾರಾದರೂ ಕೇಳಿದರೆ, 'ಅಯ್ಯೋ, ಯಾರೋ ಹುಡುಗರು' ಎಂದು ಹಾರಿಸಿಬಿಡುತ್ತೇನೆ. ಅರವತ್ತು ದಾಟಿದ ಮೇಲೂ ನಾಲಿಗೆ ಇಷ್ಟು ಸಲೀಸಾಗಿ ಹೊರಳುತ್ತದಲ್ಲ ಎಂದು ಅವರು ಹೋದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆ ಹಾಡು ಕಟ್ಟಿದವಳು ನಾನು. ಕಾಗದದ ಮೇಲಾದರೂ ಒಮ್ಮೆ ಬರೆದುಬಿಡುತ್ತೇನೆ.

ನಮ್ಮದು ವೇದಾವತಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಒಂದು ಮಾಳಿಗೆ ಮನೆ. ಜಗಲಿ, ನಡುಮನೆ, ಅಡಿಗೆಮನೆ, ಹಿತ್ತಲು, ಅಷ್ಟೇ. ಅದರಲ್ಲಿ ನಡುಮನೆ ನಮ್ಮದಾಗಿರಲಿಲ್ಲ, ರಾಜರದಾಗಿತ್ತು. ಗೋಡೆಯ ಮೊಳೆಗಳಿಗೆ ಕಿರೀಟಗಳು, ಭುಜಕೀರ್ತಿಗಳು, ಕನ್ನಡಿ ಚೂರು ಅಂಟಿಸಿದ ಎದೆಹಾರಗಳು ತೂಗಾಡುತ್ತಿದ್ದವು. ಅಪ್ಪ ಊರೂರಿಗೆ ಹೋಗಿ ಬಯಲಾಟ ಕಲಿಸುತ್ತಿದ್ದ. ಯಲ್ಲದಕೆರೆ, ಮಾರಿಕಣಿವೆ, ಹೊರಕೆರೆದೇವಪುರ, ಎಲ್ಲ ಕಡೆಯೂ ಅವನ ಶಿಷ್ಯರಿದ್ದರು. ನೀರು ಕುಡಿಯಲು ಎದ್ದರೆ ಯಾವನೋ ರಾಕ್ಷಸನ ಮೀಸೆ ನಮ್ಮ ಕೆನ್ನೆಗೆ ತಗಲುತ್ತಿತ್ತು. ಅಪ್ಪ ಅವ್ವನ ಜಗಳವೆಲ್ಲ ಈ ರಾಜರ ಮೇಲೆಯೇ.

"ಈ ಕಿರೀಟ ಇಳಿಸ್ರಿ, ಒಂದು ರಾಗಿ ಚೀಲ ಇಡಾಕೂ ಜಾಗ ಇಲ್ಲ ಮನೇಲಿ."

"ರಾಗಿ ಉಂಡ್ರೆ ಮುಗೀತೈತೆ ಕಣೇ, ಕಿರೀಟ ಉಳೀತೈತೆ."

"ಹಂಗಾರೆ ಸಾಯಂಕಾಲ ಕಿರೀಟನೇ ತಿರುವಿ ಮುದ್ದೆ ಕಟ್ತೀನಿ, ಉಣ್ರಿ."

ಬಯಲಾಟ ನೋಡದವರಿಗೆ ಒಂದು ಮಾತು ಹೇಳಬೇಕು. ಅದರಲ್ಲಿ ರಾಜ ಬರಲಿ, ರಕ್ಕಸ ಬರಲಿ, ರಂಗಕ್ಕೆ ಬಂದವನು ಸುಮ್ಮನೆ ಕತೆ ಶುರು ಮಾಡುವಂತಿಲ್ಲ. ಸಾರಥಿ ಎಂಬ ಒಬ್ಬ ಪಾತ್ರಧಾರಿ ಮುಂದೆ ಬಂದು, 'ಬಂದಂಥವರು ಯಾರು? ನಿಮ್ಮ ನಾಮಾಂಕಿತವೇನು?' ಎಂದು ಕೇಳುತ್ತಾನೆ. ಬಂದವನು ತನ್ನ ಹೆಸರು, ತನ್ನ ಊರು, ತಾನು ಮಾಡಿದ ಘನಕಾರ್ಯ ಎಲ್ಲವನ್ನೂ ತನ್ನ ಬಾಯಿಂದಲೇ ಹಾಡಿ ಹೇಳಬೇಕು. ಸಾರಥಿ ಎಲ್ಲರನ್ನೂ ಕೇಳುತ್ತಾನೆ. ಸಾರಥಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಪ್ಪ ಇದನ್ನು ನಮ್ಮ ಮನೆಯ ಪದ್ಧತಿಯನ್ನಾಗಿ ಮಾಡಿದ್ದ. ನಾನು ಶಾಲೆಯಿಂದ ಬಂದು ಹೊಸ್ತಿಲ ಮೇಲೆ ನಿಂತರೆ ಒಳಗಿಂದ ಹಾರ್ಮೋನಿಯಂ ಜೊತೆಗೆ ಪ್ರಶ್ನೆ ಬರುತ್ತಿತ್ತು. ಅದೇ ಮಟ್ಟಿನಲ್ಲಿ ಅಂದು ನಾನು ಮಾಡಿದ್ದನ್ನು ಎರಡು ಸಾಲು ಕಟ್ಟಿ ಹಾಡಿದರೇ ಒಳಗೆ ಬಿಡುವುದು. ಹಾಲಿನ ಕೆಂಚಕ್ಕನಿಗೂ ಬಿಡುಗಡೆ ಇರಲಿಲ್ಲ. ಅವಳು 'ನಾನು ಕೆಂಚಿ, ನೀರು ಹಾಕಿಲ್ಲ' ಎಂದು ಹಾಡಿ ತಂಬಿಗೆ ಇಟ್ಟು ಓಡುತ್ತಿದ್ದಳು. ನನಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ದಾರಿಯುದ್ದಕ್ಕೂ ಸಾಲು ಜೋಡಿಸಿಕೊಂಡು ಬರುತ್ತಿದ್ದೆ. ಎಂಥ ಸಾಲು ತಂದರೂ ಅಪ್ಪ 'ಹೂಂ, ಬಾ' ಎನ್ನುತ್ತಿದ್ದ, ಅಷ್ಟೇ. ಊರ ಮಕ್ಕಳನ್ನೆಲ್ಲ 'ಭಲೇ' ಎಂದು ಬೆನ್ನು ತಟ್ಟುವ ಮನುಷ್ಯನಿಗೆ ನಾನು ಹಿತ್ತಲ ಗಿಡ, ಮದ್ದಲ್ಲ.

ಆ ಮನೆಗೆ ಚಿತ್ತಮ್ಮ ಬಂದಳು. ಅವಳ ಅಪ್ಪ ಜುಂಜಣ್ಣ ಯಲ್ಲದಕೆರೆಯವನು, ಅಲ್ಲಿನ ಆಟದಲ್ಲಿ ರಕ್ಕಸನ ಪಾತ್ರ ಮಾಡುತ್ತಿದ್ದ. ಅವನಿಗೂ ಅವನ ಹೆಂಡತಿಗೂ ವರ್ಷದಲ್ಲಿ ಅರ್ಧ ಕಾಲ ಕುರಿಗಳ ಹಿಂದೆ ಊರೂರು ತಿರುಗುವ ಬದುಕು. ಅವತ್ತು ಅವನು ನಮ್ಮ ಜಗಲಿಯ ಅಂಚಿನಲ್ಲಿ ಕೂತು ಮಗಳನ್ನು ಮುಂದಕ್ಕೆ ತಳ್ಳಿದ.

"ಇವಳು ಓದ್ತೀನಿ ಅಂತಾಳೆ ಮೇಷ್ಟ್ರೇ. ಕುರಿ ಹಿಂದೆ ಕರ್ಕಂಡು ಹೋಗಾಕೆ ನನಗೂ ಮನಸ್ಸಿಲ್ಲ."

"ಅದಕ್ಯಾಕಪ್ಪ ಯೋಚ್ನೆ. ನಮ್ಮ ರತ್ನಿ ಜತೆ ಇನ್ನೊಂದು ಅನ್ಕಂತೀವಿ. ಬಿಟ್ಟು ಹೋಗು."

ಹೋಗುವಾಗ ಜುಂಜಣ್ಣ ತಾನು ಹೊದ್ದಿದ್ದ ಕಂಬಳಿಯನ್ನು ತೆಗೆದು ಮಗಳ ಹೆಗಲಿಗೆ ಹಾಕಿದ. ಅವಳು ನನ್ನ ವಾರಿಗೆಯವಳು, ಆರನೇ ಕ್ಲಾಸಿಗೆ ನನ್ನ ಜೊತೆಯಲ್ಲೇ ಸೇರಿದಳು. ಊಟಕ್ಕೆ ಕೂತರೆ ಮುದ್ದೆಯನ್ನು ಪೂರಾ ನುಂಗಿದ ಮೇಲೂ ಇನ್ನು ಬೇಕು ಎಂದು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಅವ್ವನೇ ನೋಡಿ ಇನ್ನೊಂದು ಇಕ್ಕುತ್ತಿದ್ದಳು. ಮಲಗುವುದು ನನ್ನ ಮಗ್ಗುಲಲ್ಲಿ. ಮಲಗುವ ಮುಂಚೆ ಆ ಕಂಬಳಿಯ ಒಂದು ಮೂಲೆಯನ್ನು ಮೂಗಿಗೆ ಒತ್ತಿಕೊಂಡು ನಾಲ್ಕಾರು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. ಆಮೇಲೆಯೇ ಅವಳಿಗೆ ನಿದ್ದೆ. ಹೊಸ್ತಿಲ ಪರೀಕ್ಷೆಯಲ್ಲಿ ಮೊದಮೊದಲು ಅವಳು ತುಟಿ ಬಿಚ್ಚಲಿಲ್ಲ. ತಲೆ ಬಗ್ಗಿಸಿ ನಿಂತುಬಿಡುತ್ತಿದ್ದಳು. 'ಇರ್ಲಿ ಬಾರವ್ವ, ನಾಳೆ ಹೇಳೀಯಂತೆ' ಎಂದು ಅಪ್ಪ ಅವಳನ್ನು ಒಳಗೆ ಬಿಡುತ್ತಿದ್ದ. ಪಕ್ಕದಲ್ಲಿ ನಿಂತ ನನಗೆ ಒಳಗೊಳಗೇ ಖುಷಿ. ಹದಿನೈದು ದಿನದ ಮೇಲೆ ಒಂದು ಸಂಜೆ ಅವಳು ತಲೆ ಎತ್ತಿದಳು.

"ಯಲ್ಲದಕೆರೆಯ ಚಿತ್ತಮ್ಮ ನಾನು, ಜುಂಜಣ್ಣನ ಮಗಳಯ್ಯ
ನೂರು ಕುರಿಗೂ ಹೆಸರು ಇಟ್ಟು ಕೂಗಬಲ್ಲೆ ನಾನಯ್ಯ!"

ಬಯಲಲ್ಲಿ ಕುರಿ ಕೂಗಿ ಪಳಗಿದ ಗಂಟಲು. ಮೊಳೆಗೆ ನೇತುಹಾಕಿದ ಎದೆಹಾರಗಳು ಜುಂ ಎಂದವು. ಅಪ್ಪ ಹಾರ್ಮೋನಿಯಂ ಬಿಟ್ಟು ಎದ್ದು ನಿಂತ. 'ಬಾರೇ ಇಲ್ಲಿ, ಕೇಳೇ ಇದನ್ನ' ಎಂದು ಅವ್ವನನ್ನು ಒಲೆಯ ಮುಂದಿಂದ ಎಬ್ಬಿಸಿ ಕರೆದ. ಅವಳಿಂದ ಇನ್ನೊಂದು ಸಲ ಹಾಡಿಸಿದ. 'ಎಂಥಾ ಕಂಠ ಕೊಟ್ಟವ್ನೆ ನಿನಗೆ ದೇವರು!' ಎಂದ. ಆ ಗಲಾಟೆಯಲ್ಲಿ ನನ್ನನ್ನು ಕೇಳುವುದನ್ನೇ ಮರೆತ. ನಾನು ಪ್ರಶ್ನೆ ಬರುತ್ತದೆಂದು ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕಾದು, ನಾನಾಗಿಯೇ ಒಳಗೆ ಹೋದೆ.

ಮಾರನೆಯ ಬೆಳಗ್ಗೆ ಹಿತ್ತಲಲ್ಲಿ ಬೂದಿ ಹಾಕಿ ಪಾತ್ರೆ ಉಜ್ಜುತ್ತ ಆ ಹಾಡು ಕಟ್ಟಿದೆ. ಸಾರಥಿ ಪ್ರಶ್ನೆ ಕೇಳುವ ಮಟ್ಟಿನಲ್ಲೇ ಕಟ್ಟಿದೆ. ಸಾಲುಗಳು ಹುಡುಕದೆಯೇ ಬಂದವು.

"ಕಂಬ್ಳಿ ಒಳಗೆ ಯಾರಮ್ಮ? ಕುರಿ ವಾಸ್ನೆ ಚಿತ್ತಮ್ಮ
ಅಪ್ಪನ್ ಕಂಬ್ಳಿ ಮೂಸ್ತಾಳೆ, ಮೂಸಿ ಮೂಸಿ ಮಲಗ್ತಾಳೆ!"

ಇಂಥ ಹಾಡನ್ನು ಕಟ್ಟಿ ಸುಮ್ಮನಿರುವುದು ಆಗದ ಮಾತು. ಶಾಲೆಗೆ ಹೋಗುವ ದಾರಿಯಲ್ಲಿ ಜಬೀನಾಳಿಗೆ ಹೇಳಿಕೊಟ್ಟೆ. ಜಬೀನಾ ನಮ್ಮ ಓಣಿಯ ಕೊನೆಯ ಬಳೆ ಅಂಗಡಿಯ ಬಷೀರ್ ಸಾಬರ ಮಗಳು, ನನ್ನ ಜೀವದ ಗೆಳತಿ. ಅಪ್ಪನ ತಾಲೀಮು ಇದ್ದ ದಿನವೆಲ್ಲ ನಮ್ಮ ನಡುಮನೆಯಲ್ಲೇ ಇರುತ್ತಿದ್ದಳು. ಅವರ ಮನೆಯಲ್ಲಿ ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳೇ. ದೊಡ್ಡವರೆಲ್ಲ ಬೇಡ ಅಂದಿದ್ದರು. ಬಷೀರ್ ಸಾಬರು ಮಾತ್ರ, 'ಓದಲಿ, ಅವಳ ಮೇಲೆ ಒಂದು ಮಾತು ಬಂದ ದಿನ ಬಿಡಿಸ್ತೀನಿ' ಎಂದು ಹಿರಿಯರನ್ನು ಒಪ್ಪಿಸಿ ಕಳಿಸುತ್ತಿದ್ದರು. ಇದು ನನಗೂ ಗೊತ್ತಿತ್ತು. ಹಾಡು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು.

"ನಾನು ಕಟ್ಟಿದ್ದು ಅಂತ ಯಾರಿಗೂ ಹೇಳಬ್ಯಾಡ. ಆಣೆ ಇಡು," ಎಂದೆ.

"ಅಲ್ಲಾನ ಆಣೆ, ಹೇಳಲ್ಲ."

ಸಂಜೆ ಗಂಟೆ ಹೊಡೆಯುವಷ್ಟರಲ್ಲಿ ಹಾಡು ಶಾಲೆಯ ಆಸ್ತಿಯಾಗಿತ್ತು. ಚಿತ್ತಮ್ಮ ಕೂತ ಬೆಂಚಿನ ಹಿಂದೆ ಮೂಗು ಮುಚ್ಚಿಕೊಂಡು ಹಾಡುವುದು, ಅವಳು ಹಾಜರಿ ಹೇಳಿದರೆ 'ಬ್ಯಾ' ಎನ್ನುವುದು, ನೀರಿನ ತೊಟ್ಟಿಯ ಹತ್ತಿರ ಅವಳು ಹೋದರೆ ದೂರ ಸರಿಯುವುದು. ನಾನು ಎಂದೂ ಗಟ್ಟಿಯಾಗಿ ಹಾಡಲಿಲ್ಲ. ಅವಳ ಪಕ್ಕದಲ್ಲಿ ಕೂತು, 'ಹೋಗ್ಲಿ ಬಿಡೇ' ಎನ್ನುತ್ತಿದ್ದೆ. ಅಷ್ಟು ನೀಚತನ ಹನ್ನೊಂದು ವರ್ಷದ ಹುಡುಗಿಗೆ ಎಲ್ಲಿಂದ ಬಂತೋ ಕಾಣೆ. ಒಂದು ವಾರದಲ್ಲಿ ಚಿತ್ತಮ್ಮ ಅರ್ಧ ಮುದ್ದೆಗೆ ಏಳತೊಡಗಿದಳು. ಹೊಸ್ತಿಲಲ್ಲಿ ಅಪ್ಪ ಕೇಳಿದರೆ ಮತ್ತೆ ಮೂಕಿ. ಕಂಬಳಿಯನ್ನು ಮಡಿಸಿ ಅಟ್ಟಕ್ಕೆ ಎಸೆದಿದ್ದಳು.

"ಯಾಕವ್ವ, ಇಂಥಾ ಚಳೀಲಿ ಕಂಬ್ಳಿ ಬ್ಯಾಡೇನು?" ಎಂದು ಅವ್ವ ಕೇಳಿದಳು.

"ಸೆಕೆ ಆಗ್ತೈತೆ ಅತ್ತೆ," ಎಂದಳು ಚಿತ್ತಮ್ಮ, ಹಲ್ಲು ಕಟಕಟ ಎನ್ನುತ್ತಿದ್ದರೂ.

ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಕಾಣೆಯಾದಳು. ಯಲ್ಲದಕೆರೆ ರಸ್ತೆಯಲ್ಲಿ ಚೀಲ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದವಳನ್ನು ಕಡಲೆಕಾಯಿ ಗಾಡಿಯವನೊಬ್ಬ ಗುರುತು ಹಿಡಿದು, ಹೊತ್ತು ಮುಳುಗುವ ಮುಂಚೆ ನಮ್ಮ ಮನೆಗೆ ತಂದುಬಿಟ್ಟ. ಅಪ್ಪ ಏನು ಕೇಳಿದರೂ ಅವಳದು ಒಂದೇ ಮಾತು, 'ಶಾಲೆ ಬ್ಯಾಡ ಮಾವ. ಕುರಿ ಕಾಯ್ತೀನಿ.' ಜುಂಜಣ್ಣ ನಂಬಿ ಬಿಟ್ಟುಹೋದ ಮಗು ಎಂದು ಅಪ್ಪ ಅಂದು ಊಟ ಮಾಡಲಿಲ್ಲ.

ಮರುದಿನ ಬೆಳಗ್ಗೆಯೇ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಶಾಲೆಗೆ ಬಂದ. ಹೆಡ್ ಮಾಸ್ತರರು ಒಳ್ಳೆಯವರು, ಆದರೆ ಅವರಿಗೆ ಗೊತ್ತಿದ್ದ ಔಷಧ ಬೆತ್ತವೊಂದೇ.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಆ ಹುಡುಗಿ ಮೇಲೆ ಅಣಕದ ಹಾಡು ಹಾಡ್ತಾವೆ ಅಂತ ಹತ್ತು ಹುಡುಗರಿಗೆ ಬಾಸುಂಡೆ ಬರೋ ಹಂಗೆ ಕೊಟ್ಟೀನಿ. ಎದುರಿಗೆ ಹಾಡೋದು ಬಿಟ್ಟು ಈಗ ಮರೇಲಿ ಹಾಡ್ತಾವೆ."

"ಏಟು ಬಿದ್ರೆ ಹಾಡು ಇನ್ನೂ ಒಳಕ್ಕೆ ಹೋಗಿ ಕುಂತ್ಕಂತೈತೆ ಸಾರ್. ಅದನ್ನ ಹೊರಗೆ ತಂದು ರಂಗದ ಮೇಲೆ ನಿಲ್ಲಿಸ್ಬೇಕು. ಮಕ್ಕಳ ಕೈಲೇ ಒಂದು ಆಟ ಮಾಡಿಸ್ತೀನಿ. ಒಂದು ಸಲ ಹಾಡಿಸ್ರಿ, ಕೇಳಾಣ."

ಒಬ್ಬ ಹುಡುಗ ಬೆತ್ತದ ಕಡೆ ನೋಡುತ್ತ ಹಾಡಿದ. ಅಪ್ಪನ ಮುಖ ಗಂಟಿಕ್ಕಿತ್ತು. ಆದರೆ ಎರಡನೇ ಸಾಲಿಗೆ ಅವನ ಬೆರಳು ತಾನಾಗಿಯೇ ಮೇಜಿನ ಮೇಲೆ ತಾಳ ಹಾಕಿತು. 'ಮಟ್ಟು ನಮ್ದೇ ಸಾರ್! ಬುದ್ಧಿ ಹಾಳಾಗ್ಲಿ, ಆದ್ರೆ ಹೆಂಗೆ ಕೂರಿಸವ್ರೆ ನೋಡ್ರಿ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆ ಇಲ್ಲ' ಎಂದ. ಬಾಗಿಲಲ್ಲಿ ಚಿತ್ತಮ್ಮನ ಕೈ ಹಿಡಿದು ನಿಂತಿದ್ದ ನನಗೆ ಆಗ ಏನಾಯಿತೆಂದು ಹೇಳಿದರೆ ನೀವು ನನ್ನ ಮುಖ ನೋಡುವುದಿಲ್ಲ. ಸಂತೋಷವಾಯಿತು. ಅಪ್ಪ ನನ್ನನ್ನು ಮೆಚ್ಚಿದ ಎಂದು ಮೈ ಜುಮ್ಮೆಂದಿತು. ಹಾಡು ಕೇಳಿ ಚಿತ್ತಮ್ಮ ನನ್ನ ಬೆನ್ನ ಹಿಂದೆ ಅವಿತುಕೊಂಡಿರುವುದು ಆಮೇಲೆ ಗೊತ್ತಾಯಿತು.

"ಯಾರು ಹೇಳಿಕೊಟ್ಟಿದ್ದಲೇ?" ಎಂದರು ಹೆಡ್ ಮಾಸ್ತರರು.

"ಜಬೀನಾ ಸಾರ್," ಎಂದ ಹುಡುಗ.

ಜಬೀನಾಳನ್ನು ಕರೆಸಿದರು. 'ಹಾಡಿದ್ದು ಹೌದು' ಎಂದಳು. 'ಕಟ್ಟಿದ್ದೂ ನೀನೇ ಏನು?' ಎಂದದ್ದಕ್ಕೆ ನೆಲ ನೋಡುತ್ತ ನಿಂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಅನ್ನುತ್ತಾರೆ. ನಾನು ಹೆಗಲೂ ಮುಟ್ಟಿಕೊಳ್ಳಲಿಲ್ಲ, ಅಷ್ಟು ಗಟ್ಟಿ ಕಳ್ಳಿ. ಅಪ್ಪನೇ, 'ದಿನಾ ನಮ್ಮನೆ ತಾಲೀಮಿಗೆ ಬರ್ತಾಳೆ ಸಾರ್, ಮಟ್ಟು ಅಲ್ಲೇ ಹಿಡಿದವಳೆ, ಮಕ್ಕಳ ಬುದ್ಧಿ' ಎಂದುಬಿಟ್ಟ. ಮೇಷ್ಟ್ರ ಮಗಳು ಕಟ್ಟಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ಸಾಬರ ಮಗಳು ಕಟ್ಟಿರಬಹುದೆಂಬುದು ಎಲ್ಲರಿಗೂ ಒಂದೇ ಏಟಿಗೆ ಹೊಳೆಯಿತು. ಬಷೀರ್ ಸಾಬರಿಗೆ ಹೇಳಿ ಕಳಿಸಿದರು. ಅವರು ಅಂಗಡಿ ಮುಚ್ಚಿ ಬಂದು ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡರು.

"ಆಟ ಮಾಡಿಸ್ತೀನಿ ಅಂತೀರಲ್ಲ ಮೇಷ್ಟ್ರೇ, ಅವತ್ತು ಎಲ್ಲಾರ ಮುಂದೆ ನಿಜ ಹೇಳ್ಲಿ. ಇವಳೇ ಕಟ್ಟಿದ್ದಾದ್ರೆ ಅವತ್ತಿಗೇ ಶಾಲೆ ಸಾಕು. ಇಂಥಾ ಬಾಯಿಗೆ ವಿದ್ಯೆ ಯಾಕೆ?"

ಮುಂದಿನ ಮೂರು ವಾರ ತಾಲೀಮು ನಮ್ಮ ನಡುಮನೆಯಲ್ಲೇ ನಡೆಯಿತು. ಅಪ್ಪ ಪುರಾಣದ ಕತೆ ತೆಗೆದುಕೊಳ್ಳಲಿಲ್ಲ. ಆಟದಲ್ಲಿ ಇದ್ದುದು ಇಷ್ಟೇ: ಮಕ್ಕಳು ಒಬ್ಬೊಬ್ಬರಾಗಿ ಕಿರೀಟ ಇಟ್ಟುಕೊಂಡು ರಂಗಕ್ಕೆ ಬರುತ್ತಾರೆ, ಸಾರಥಿ ಕೇಳುತ್ತಾನೆ. ತನ್ನನ್ನು ಬೇರೆಯವರು ಯಾವ ಹೆಸರಿಟ್ಟು ಹೀಯಾಳಿಸಿದರು, ತಾನು ಬೇರೆಯವರನ್ನು ಯಾವ ಹೆಸರಿಟ್ಟು ಹೀಯಾಳಿಸಿದೆ, ಎರಡನ್ನೂ ಆ ಮಗು ಹಾಡಬೇಕು. ಎರಡನೆಯದನ್ನು ನುಂಗುವಂತಿಲ್ಲ. ಹಾಡಿ ಮುಗಿದ ಮೇಲೆ ಹಿಮ್ಮೇಳದ ಮಕ್ಕಳೆಲ್ಲ ಸೇರಿ ಆ ಮಗುವಿನ ನಿಜವಾದ ಹೆಸರನ್ನು ಮೂರು ಸಲ ಕೂಗಿ ಹಾಡಬೇಕು. ಸಾಲು ಬರೆದುಕೊಡುವುದಿಲ್ಲ, ಅವರವರೇ ಕಟ್ಟಬೇಕು. ಮೊದಲ ದಿನ ಬರೀ ನಗು, ಮೊಣಕೈ ತಿವಿತ. ಎರಡನೇ ದಿನ ದಪ್ಪಗಿದ್ದ ಈರಣ್ಣ, 'ನನ್ನ ಗುಡಾಣ ಅಂದರಯ್ಯ, ನಾನು ಕುಂಟ ಅಂದೆನಯ್ಯ' ಎಂದು ಹಾಡಿ ಮುಂದಿನ ಸಾಲು ಬಾರದೆ ನಿಂತ. ಕಾಲು ಎಳೆದು ನಡೆಯುತ್ತಿದ್ದ ಹುಡುಗ ಹಿಮ್ಮೇಳದಲ್ಲಿ ತಾಳ ಹಿಡಿದು ಕೂತಿದ್ದ. ಅಪ್ಪ, 'ಇನ್ನೊಂದ್ಸಲ ಹೇಳಪ್ಪ, ಅವನ ಕಡೆ ತಿರುಗಿ' ಎಂದ. ಈರಣ್ಣ ತಿರುಗಿದ. ಆಮೇಲೆ ಯಾರೂ ನಗಲಿಲ್ಲ. ಅವ್ವ ಬೇಯಿಸಿದ ಕಡಲೆಕಾಯಿ ತಂದಿಟ್ಟರೆ ಆ ಇಬ್ಬರು ಒಂದೇ ಮೊರದಿಂದ ಸುಲಿದು ತಿಂದರು. ದಿನ ಕಳೆದಂತೆ ಚಿತ್ತಮ್ಮನೂ ತಾನು ಬರುತ್ತೇನೆಂದು ಎದ್ದು ನಿಂತಳು.

ಎಲ್ಲ ಮಟ್ಟು ಗೊತ್ತಿದ್ದವಳೆಂದು ಅಪ್ಪ ಸಾರಥಿಯ ಪಾತ್ರ ನನಗೆ ಕೊಟ್ಟಿದ್ದ. ಕೊಟ್ಟ ದಿನ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಕೇಳುವವಳು ನಾನು, ಹೇಳುವವರು ಅವರು. ಜಬೀನಾ ತಾಲೀಮಿನಲ್ಲಿ ತನ್ನ ಸರದಿ ಬಂದಾಗಲೆಲ್ಲ, 'ಆಟದ ದಿನ ಹೇಳ್ತೀನಿ' ಎಂದು ಕೂತುಬಿಡುತ್ತಿದ್ದಳು. ಒಂದು ಸಂಜೆ ಓಣಿಯಲ್ಲಿ ನನ್ನ ಲಂಗ ಹಿಡಿದು ನಿಲ್ಲಿಸಿದಳು.

"ರತ್ನಿ, ನನ್ನ ಆಣೆ ವಾಪಸ್ ತಗ. ಅಬ್ಬಾ ಶಾಲೆ ಬಿಡಿಸ್ತಾರೆ ಕಣೇ."

"ನೀನ್ಯಾಕೆ ಹೇಳ್ಬೇಕು? ಅವತ್ತು ರಂಗದ ಮೇಲೆ ನಾನೇ ಹೇಳ್ತೀನಿ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಕುಣಿದುಕೊಂಡು ಮನೆಗೆ ಓಡಿದಳು. ಹೇಳುತ್ತೇನೆಂದೇ ನಾನೂ ನಂಬಿದ್ದೆ. ಅದೇ ವಾರ ಅವ್ವ ಅಡಿಗೆಮನೆಯಲ್ಲಿ ಮುದ್ದೆ ತಿರುವುತ್ತ, ನನ್ನ ಕಡೆ ನೋಡದೆಯೇ ಮಾತು ತೆಗೆದಳು.

"ಲೇ, ಆ ಹಾಡಿನಾಗೆ ಕಂಬ್ಳಿ ಮೂಸಿ ಮಲಗ್ತಾಳೆ ಅಂತೈತಲ್ಲ. ಅವಳು ಮಲಗೋದನ್ನ ಜಬೀನಾ ಯಾವತ್ತು ನೋಡಿದ್ಲು?"

ನಾನು ಸೌದೆ ಮುಂದಕ್ಕೆ ತಳ್ಳಿದೆ. ಅವ್ವ ಮುದ್ದೆಕೋಲು ನಿಲ್ಲಿಸಿದಳು.

"ನಿಮ್ಮಪ್ಪಂಗೆ ನಾನು ಹೇಳಲ್ಲ. ಆ ಮನುಷ್ಯ ತಡ್ಕಳಲ್ಲ. ನೀನೇ ಹೇಳು. ಆಟ ಮುಗಿಯೋದ್ರೊಳಗೆ ಹೇಳು."

ಅವ್ವ ಅಂದೇ ಹೇಳಿಬಿಟ್ಟಿದ್ದರೆ ಎಂದು ಎಷ್ಟೋ ಸಲ ಅವಳ ಮೇಲೆ ಸಿಟ್ಟು ಬಂದಿದೆ. ತಪ್ಪು ನನ್ನದಾಗಿರುವಾಗ ಹೆತ್ತವಳ ಮೇಲೆ ಸಿಟ್ಟಾಗುವುದೂ ನನ್ನ ಜಾಯಮಾನವೇ.

ಶನಿವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಆಟ. ಮಕ್ಕಳ ತಂದೆತಾಯಿಗಳು, ಮೇಷ್ಟ್ರುಗಳು, ಕುರಿಯ ಹಿಂಡನ್ನು ಯಾರಿಗೋ ಒಪ್ಪಿಸಿ ಬಂದ ಜುಂಜಣ್ಣ, ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯ ಬಷೀರ್ ಸಾಬರು. ನಾನು ತಾಳ ಹಿಡಿದು ಮುಂದೆ ನಿಂತೆ. ಈರಣ್ಣ ಬಂದ, ಹಾಡಿದ. ಬೇರೆಯವರು ಬಂದರು. ಜನ ನಗುತ್ತಿದ್ದವರು ಬರಬರುತ್ತ ಸುಮ್ಮನಾದರು. ಒಬ್ಬ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಜಬೀನಾ ಬಂದಳು. ದೊಡ್ಡ ಕಿರೀಟ, ಹುಬ್ಬಿನವರೆಗೆ ಇಳಿದಿತ್ತು. 'ಬಂದಂಥವರು ಯಾರು?' ಎಂದು ಕೇಳಿದೆ. ಅವಳು ಹೆದರಲಿಲ್ಲ. ನಾನು ಕೊಟ್ಟ ಮಾತು ಅವಳ ಬೆನ್ನಿಗಿತ್ತು.

"ಬಳೆ ಬಷೀರನ ಮಗಳು ನಾನು, ಜಬೀನಾ ನಾನಯ್ಯ
ಹಾಡಿ ನಕ್ಕವಳು ನಾನೇ, ಕಟ್ಟಿದವಳು ನಾನಲ್ಲಯ್ಯ."

ಹಾಡಿ, ನನ್ನ ಕಡೆ ತಿರುಗಿ ನಿಂತಳು. ಮುಗುಳ್ನಗುತ್ತಿದ್ದಳು. ಈಗ ನೀನು ಹೇಳು ಎನ್ನುವ ಹಾಗೆ ಗಲ್ಲ ಎತ್ತಿದಳು. ಅಪ್ಪ ಹಾರ್ಮೋನಿಯಂ ಮೇಲೆ ಶ್ರುತಿ ಹಿಡಿದು ಸಾರಥಿಯ ಮುಂದಿನ ಮಾತಿಗೆ ಕಾಯುತ್ತಿದ್ದ. ನನ್ನ ಬಾಯಿ ತೆರೆದಿತ್ತು. 'ನಾನು' ಎನ್ನುವ ಎರಡೇ ಅಕ್ಷರ. ಮುಂದಿನ ಸಾಲಿನಲ್ಲಿ ಅವ್ವ ಕೂತಿದ್ದಳು, ಅವಳ ತುಟಿಯೂ ಅಲುಗುತ್ತಿತ್ತು. ನಾನು ಅಪ್ಪನ ಮುಖ ನೋಡಿದೆ. ತಾಳವನ್ನು ಝಣ್ ಎಂದು ಬಾರಿಸಿ, ಗಂಟಲು ತುಂಬ ಹಾಡಿದೆ.

"ಹಾಗಾದರೆ ಕಟ್ಟಿದವರ ನಾಮಾಂಕಿತವೇನಯ್ಯ?"

ಉತ್ತರ ಗೊತ್ತಿದ್ದೂ ಕೇಳಿದೆ. ನಾನು ಹೇಳಬೇಕಿದ್ದ ನನ್ನ ಹೆಸರನ್ನೇ ಅವಳನ್ನು ಕೇಳಿದೆ. ಜಬೀನಾಳ ಮುಖದ ಮೇಲಿದ್ದ ನಗು ಆರುವುದನ್ನು ನಾನು ಒಂದು ಮಾರು ದೂರದಲ್ಲಿ ನಿಂತು ನೋಡಿದೆ. ಅವಳಿಗೆ ಇಷ್ಟವಿದ್ದರೆ ಬೆರಳು ತೋರಿಸಬಹುದಿತ್ತು. ಆಣೆ ಇಟ್ಟಿದ್ದಳು. ಹಾಡಲಿಲ್ಲ, ಬರೀ ಮಾತಿನಲ್ಲಿ ಹೇಳಿದಳು.

"ಹೇಳಲ್ಲ."

'ಎಷ್ಟು ಸೊಕ್ಕು ನೋಡು' ಎಂದು ಹಿಂದಿನಿಂದ ಯಾರೋ ಅಂದರು. ಬಷೀರ್ ಸಾಬರು ಎದ್ದು ರಂಗದ ಹತ್ತಿರ ಬಂದರು. ಮಗಳ ತಲೆಯಿಂದ ಕಿರೀಟವನ್ನು ಎರಡೂ ಕೈಯಲ್ಲಿ ಜೋಪಾನವಾಗಿ ತೆಗೆದು ಅಪ್ಪನ ಮುಂದಿಟ್ಟು, ಅವಳ ಕೈ ಹಿಡಿದುಕೊಂಡು ಗೇಟು ದಾಟಿ ಹೋದರು. ಹಿಮ್ಮೇಳದ ಮಕ್ಕಳು ಅವಳ ಹೆಸರನ್ನು ಮೂರು ಸಲ ಹಾಡಬೇಕಿತ್ತು. ಒಬ್ಬರೂ ಹಾಡಲಿಲ್ಲ.

ಕೊನೆಗೆ ಚಿತ್ತಮ್ಮ ಬಂದಳು, ಹೆಗಲ ಮೇಲೆ ಅದೇ ಕಂಬಳಿ ಹೊದ್ದು. ನಾನು ಕೇಳಿದೆ. ಅವಳು ನನ್ನ ಕಡೆ ನೋಡದೆ ಜನರ ಕಡೆ ನೋಡಿ ಹಾಡಿದಳು.

"ಕಂಬಳಿ ಮೂಸುವ ಚಿತ್ತಮ್ಮ ನಾನು, ನಮ್ಮಪ್ಪ ದೂರ ಇರುವನಯ್ಯ
ಅವನ ವಾಸನೆ ಇರುವ ತನಕ ಒಂಟಿ ಅಲ್ಲ ನಾನಯ್ಯ."

ಆ ಗಂಟಲು ಅಂಗಳ ದಾಟಿ ರಸ್ತೆಯವರೆಗೆ ಹೋಯಿತು. ಜುಂಜಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಶಾಲೆಯ ಅಷ್ಟೂ ಮಕ್ಕಳು ಎದ್ದು ಅವಳ ಹೆಸರನ್ನು ಮೂರರ ಬದಲು ಹತ್ತು ಸಲ ಕೂಗಿದರು. ಅಂದಿನಿಂದ ಅಣಕದ ಹಾಡು ಆ ಶಾಲೆಯಲ್ಲಿ ಸತ್ತೇಹೋಯಿತು. ಅಪ್ಪನ ಉಪಾಯ ಫಲಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಚಿತ್ತಮ್ಮ ಎರಡು ಮುದ್ದೆ ಉಣ್ಣತೊಡಗಿದಳು, ಓದಿದಳು, ಮುಂದೆ ಚಿತ್ರದುರ್ಗದಲ್ಲಿ ನರ್ಸ್ ಆದಳು. ಆಟದ ಮಾರನೆಯ ದಿನ ಮಾತ್ರ ತನ್ನ ಚಾಪೆಯನ್ನು ನನ್ನ ಮಗ್ಗುಲಿಂದ ಎತ್ತಿ ಅವ್ವನ ಮಗ್ಗುಲಿಗೆ ಹಾಸಿಕೊಂಡಳು.

ಸೋಮವಾರ ಜಬೀನಾ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ವಾರ ಕಳೆದ ಮೇಲೆ ಅವ್ವ ತಡೆಯಲಾರದೆ ಅಪ್ಪನಿಗೆ ಹೇಳಿದಳು. ಅಪ್ಪ ನನ್ನನ್ನು ಕರೆದು ಮುಂದೆ ಕೂರಿಸಿಕೊಂಡ.

"ಹೌದೇನವ್ವ?"

"ಹೂಂ."

ಹೊಡೆಯುತ್ತಾನೆಂದು ಬೆನ್ನು ಬಿಗಿ ಹಿಡಿದಿದ್ದೆ. ಅವನು ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ಹಾಕಿದ. 'ನಿನಗೆ ಸಾರಥಿ ಕೊಟ್ಟಿದ್ದು ನಂದೇ ತಪ್ಪು' ಎಂದು ಎದ್ದು, ಚಪ್ಪಲಿ ಮೆಟ್ಟಿ ಬಳೆ ಅಂಗಡಿಗೆ ಹೋದ. ಬಷೀರ್ ಸಾಬರು ಚಹಾ ತರಿಸಿಕೊಟ್ಟರಂತೆ. 'ನಿಮ್ಮ ಮಾತು ನಂಬ್ತೀನಿ ಮೇಷ್ಟ್ರೇ. ಆದ್ರೆ ನಾನೊಬ್ಬ ನಂಬಿದ್ರೆ ಆಯ್ತಾ? ಊರೆಲ್ಲ ನೋಡೈತೆ. ನಮ್ಮ ಹಿರಿಯರಿಗೆ ಏನಂತ ಹೇಳ್ಲಿ?' ಎಂದರಂತೆ. ಊರಿಗೂ ಹೇಳೋಣವೆಂದು ಅಪ್ಪ ಹೆಡ್ ಮಾಸ್ತರರ ಹತ್ತಿರ ಹೋದ. ಅವರು, 'ಹೊಸದುರ್ಗದಿಂದ, ಹೊಳಲ್ಕೆರೆಯಿಂದ ಆಟ ಕೇಳಿ ಕಾಗದ ಬಂದವೆ. ಈಗ ಮೇಷ್ಟ್ರ ಮಗಳೇ ಅಂದ್ರೆ ಆಟದ ಮರ್ಯಾದೆ ಏನಾಗ್ತೈತೆ? ಬಿಡ್ರಿ, ಆ ಹುಡುಗಿ ಹೆಂಗಿದ್ರೂ ಬಿಟ್ಟಾಯ್ತಲ್ಲ' ಎಂದರು. ಅಪ್ಪ ಸುಮ್ಮನೆ ಮನೆಗೆ ಬಂದ. ಅವನ ಮೇಲೆ ನನಗಿರುವ ಗೌರವಕ್ಕೆ ಇದನ್ನು ಬರೆಯಬಾರದಿತ್ತು. ಬರೆದಿದ್ದೇನೆ. ಮುಂದೆ ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಆಟವಾಯಿತು. ಸಾರಥಿಯ ಪಾತ್ರವನ್ನು ಅವನು ಈರಣ್ಣನಿಗೆ ಕೊಟ್ಟ. ನಾನು ಜಗಲಿಯಲ್ಲಿ ಕೂತು ಬಸ್ಸು ಹೋಗುವುದನ್ನು ನೋಡಿದೆ. ಜಬೀನಾ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಓಣಿಯಲ್ಲಿ ನಾನು ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು.

ಏಳೆಂಟು ವರ್ಷ ಕಳೆದು ನನ್ನ ಮದುವೆ ಗೊತ್ತಾಯಿತು. ಬಳೆ ಶಾಸ್ತ್ರಕ್ಕೆ ಅವ್ವ ಯಾರಿಗೆ ಹೇಳಿಕಳಿಸಿದ್ದಾಳೆಂದು ನಾನು ವಿಚಾರಿಸಿರಲಿಲ್ಲ. ನಡುಮನೆಯ ತುಂಬ ಮುತ್ತೈದೆಯರು ಕೂತಿದ್ದರು. ಬಾಗಿಲಲ್ಲಿ ಬಳೆಯ ಗಂಟು ಇಳಿಸಿ ಒಳಗೆ ಬಂದವಳು ಜಬೀನಾ. ಬಷೀರ್ ಸಾಬರಿಗೆ ಕಣ್ಣು ಮಂದವಾಗಿ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ನನ್ನ ಎದುರು ಕೂತು, ಎಡಗೈಯನ್ನು ತನ್ನ ಮಂಡಿಯ ಮೇಲೆ ಎಳೆದುಕೊಂಡು ಗೆಣ್ಣುಗಳನ್ನು ಒತ್ತಿ ಮೆತ್ತಗೆ ಮಾಡತೊಡಗಿದಳು. ಅಷ್ಟು ವರ್ಷದ ಮೇಲೆ ಅವಳ ಕೈ ನನ್ನ ಕೈಯನ್ನು ಹಿಡಿದಿತ್ತು. ಹೆಂಗಸರು ತಮ್ಮತಮ್ಮಲ್ಲಿ ಮಾತಾಡುತ್ತಿದ್ದರು. ನಾನು ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ ಹೇಳಿದೆ.

"ಜಬೀನಾ, ಆ ಹಾಡು ಕಟ್ಟಿದ್ದು ನಾನು. ತಪ್ಪಾಯ್ತು ಕಣೇ."

ಅವಳು ಹಸಿರು ಬಳೆಯೊಂದನ್ನು ಗೆಣ್ಣಿನವರೆಗೆ ತಂದು, ಒಂದು ಗಳಿಗೆ ನಿಲ್ಲಿಸಿ, ಒಳಕ್ಕೆ ಜಾರಿಸಿದಳು. ತಲೆ ಎತ್ತಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಅದನ್ನ ನನಗ್ಯಾಕೆ ಹೇಳ್ತೀಯ? ಅವತ್ತೇ ಗೊತ್ತಿದ್ದೋಳು ನಾನೊಬ್ಬಳೇ ಅಲ್ವಾ."

ಅದು ಗೊತ್ತಿಲ್ಲದೆ ಸುತ್ತ ಕೂತ ಅಷ್ಟು ಜನರ ಮುಖ ನೋಡಿದೆ. ಅವರೆದುರು ಹೇಳಲು ನನಗೆ ಅವತ್ತೂ ಬಾಯಿ ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಎಡಗೈಯನ್ನು ನನ್ನ ಮಡಿಲಿಗೆ ಇಟ್ಟು, "ಆ ಕೈ ಕೊಡಿ," ಎಂದಳು.